ಖಾತೆಯಲ್ಲಿಲ್ಲದ ಟೈಮ್‌ಔಟ್

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದವನು ನಾನು. ನಿವೃತ್ತನಾಗಿ ರೂಪನಗುಡಿಗೆ ಬಂದು ಕೂತ ಮೇಲೆ ಲೆಕ್ಕದ ಪುಸ್ತಕದ ಋಣ ತೀರಿತು ಎಂದುಕೊಂಡಿದ್ದೆ. ತೀರಿರಲಿಲ್ಲ. ಹೋದ ವರ್ಷ ಬಳ್ಳಾರಿಯ ಒಂದು ಶಾಲೆಯ ಮೈದಾನದಲ್ಲಿ ಮತ್ತೆ ಪೆನ್ನು ಹಿಡಿದು ಕೂರಬೇಕಾಯಿತು. ಅಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಲೆಂದೇ ಈ ಲೇಖನ ಬರೆಯುತ್ತಿದ್ದೇನೆ. ಮಕ್ಕಳು ಓದಿದರೆ ಬಾಸ್ಕೆಟ್‌ಬಾಲಿನ ಒಂದು ನಿಯಮ ತಿಳಿಯುತ್ತದೆ. ನನ್ನ ವಯಸ್ಸಿನವರು ಓದಿದರೆ, ಮೊಮ್ಮಕ್ಕಳ ಆಟ ನೋಡಲು ಹೋದಾಗ ಎಲ್ಲಿ ಎಚ್ಚರವಾಗಿರಬೇಕು ಎಂಬುದು ತಿಳಿಯುತ್ತದೆ.

ನನ್ನ ಮೊಮ್ಮಗ ಒಂಬತ್ತನೇ ತರಗತಿ. ದಿನಾ ಬಸ್ಸಿನಲ್ಲಿ ಬಳ್ಳಾರಿಗೆ ಹೋಗಿ ಓದುತ್ತಾನೆ. ಎತ್ತರದ ಹುಡುಗನಲ್ಲ, ಆದರೆ ಚುರುಕು. ಅವರ ಶಾಲೆಯಲ್ಲಿ ಏಳೆಂಟು ಶಾಲೆಗಳ ಪಂದ್ಯಾವಳಿ ಇಟ್ಟುಕೊಂಡಿದ್ದರು. ವಾರ ಮೊದಲೇ ಪಿ.ಟಿ. ಮೇಷ್ಟ್ರು ನನ್ನನ್ನು ಕರೆದು, ‘ಸಾರ್, ನೀವು ಬ್ಯಾಂಕಿನೋರು. ಅಂಕಿ ತಪ್ಪೋದಿಲ್ಲ. ಮೇಜಿನ ಹತ್ರ ಕೂತು ಸ್ಕೋರ್‌ಶೀಟ್ ಬರೀತೀರಾ?’ ಎಂದರು. ಬಿ.ಕಾಂ. ಓದಿದವನಿಗೆ ಅಂಕಿ ಬರೆಯಲು ಕೊಟ್ಟರೆ ಬೇಡವೆನ್ನುವುದುಂಟೇ? ಒಪ್ಪಿಕೊಂಡೆ. ಅವರು ಕೊಟ್ಟ ನಿಯಮದ ಪುಸ್ತಕವನ್ನು ಕನ್ನಡಕ ಒರೆಸಿಕೊಂಡು ಒಂದು ವಾರ ಓದಿದೆ.

ಒಂದು ನಿಮಿಷದ ಪಾಸ್‌ಬುಕ್ಕು

ಬಾಸ್ಕೆಟ್‌ಬಾಲ್ ನೋಡದವರಿಗಾಗಿ ಮೊದಲು ಎರಡು ಮಾತು. ಈ ಆಟ ಹುಟ್ಟಿದ್ದು 1891ರಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ. ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಲಿಕ್ಕೆಂದು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿ, ಹದಿಮೂರು ನಿಯಮ ಬರೆದು ಇದನ್ನು ಶುರು ಮಾಡಿದರು. ಹದಿಮೂರು ಇದ್ದದ್ದು ಈಗ ದಪ್ಪ ಪುಸ್ತಕವೇ ಆಗಿದೆ. ಅದರಲ್ಲಿ ನಮ್ಮ ಕತೆಗೆ ಬೇಕಾದದ್ದು ಟೈಮ್‌ಔಟಿನ ನಿಯಮ ಒಂದೇ.

ಟೈಮ್‌ಔಟ್ ಎಂದರೆ ತಂಡ ಕೇಳಿ ಪಡೆಯುವ ಒಂದು ನಿಮಿಷದ ಬಿಡುವು. ಗಡಿಯಾರ ನಿಲ್ಲುತ್ತದೆ. ಹುಡುಗರು ಓಡಿಬಂದು ಕೋಚ್ ಸುತ್ತ ಸೇರುತ್ತಾರೆ. ನೀರು ಕುಡಿಯುತ್ತಾರೆ, ಮುಂದೆ ಯಾರು ಯಾರಿಗೆ ಚೆಂಡು ಕೊಡಬೇಕು ಎಂದು ಕೇಳಿಸಿಕೊಳ್ಳುತ್ತಾರೆ. ಆಟ ಕೈ ತಪ್ಪುತ್ತಿರುವಾಗ ಈ ಒಂದು ನಿಮಿಷ ಬಲು ದೊಡ್ಡದು.

2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಏಷ್ಯಾ ಮಹಿಳಾ ಕಪ್‌ನ ಬಿ ವಿಭಾಗದ ಪಂದ್ಯಗಳು ನಡೆದವು. ಫೈನಲ್‌ನಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳು ಕಜಕಸ್ತಾನವನ್ನು 75–73ರಿಂದ ಸೋಲಿಸಿದರು. ಎರಡೇ ಅಂಕ! ಅಂಥ ಪಂದ್ಯದ ಕೊನೆಯಲ್ಲಿ ಕೈಯಲ್ಲಿ ಒಂದು ಟೈಮ್‌ಔಟ್ ಉಳಿದಿದೆಯೋ ಇಲ್ಲವೋ ಎಂಬುದರ ಬೆಲೆ ಎಷ್ಟೆಂದು ಯೋಚಿಸಿ ನೋಡಿ.

ನಮ್ಮ ದೇಶದಲ್ಲಿ ನಡೆಯುವ ಪಂದ್ಯಗಳು ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಫೀಬಾದ ನಿಯಮದಂತೆ ನಡೆಯುತ್ತವೆ. ಹತ್ತು ಹತ್ತು ನಿಮಿಷದ ನಾಲ್ಕು ಭಾಗ. ಮೊದಲರ್ಧದಲ್ಲಿ ತಂಡಕ್ಕೆ 2 ಟೈಮ್‌ಔಟ್, ಎರಡನೇ ಅರ್ಧದಲ್ಲಿ 3. ಆ ಮೂರರಲ್ಲಿಯೂ ಕಟ್ಟಕಡೆಯ 2 ನಿಮಿಷದೊಳಗೆ ಬಳಸಬಹುದಾದದ್ದು ಎರಡೇ. ಅಂಕ ಸಮವಾಗಿ ಹೆಚ್ಚುವರಿ ಆಟ ನಡೆದರೆ ಪ್ರತಿ 5 ನಿಮಿಷದ ಆಟಕ್ಕೆ 1. ಉಳಿದದ್ದು ಮುಂದಕ್ಕೆ ಜಮೆಯಾಗುವುದಿಲ್ಲ. ಮೊದಲರ್ಧದಲ್ಲಿ ಒಂದೂ ಬಳಸದೆ ಜಿಪುಣತನ ಮಾಡಿದರೂ ಎರಡನೇ ಅರ್ಧದಲ್ಲಿ ಮೂರೇ.

ಕೇಳುವುದಕ್ಕೂ ಕ್ರಮವಿದೆ. ಮೈದಾನದಲ್ಲಿ ಆಡುತ್ತಿರುವ ಹುಡುಗ ಕೇಳುವ ಹಾಗಿಲ್ಲ. ಮುಖ್ಯ ಕೋಚ್ ಅಥವಾ ಅವರ ಮೊದಲ ಸಹಾಯಕ ಮಾತ್ರ ಕೇಳಬೇಕು. ಅವರು ಅಂಕ ಬರೆಯುವ ಮೇಜಿನ ಹತ್ತಿರ ಬಂದು, ಕೈಯಲ್ಲಿ ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರ ತೋರಿಸಿ, ಸ್ಪಷ್ಟವಾಗಿ ಕೇಳಬೇಕು. ಕೇಳಿದ ತಕ್ಷಣ ಸಿಗುವುದೂ ಇಲ್ಲ. ರೆಫರಿ ಸೀಟಿ ಊದಿ ಆಟ ನಿಂತಾಗ, ಅಥವಾ ಎದುರಾಳಿ ಬುಟ್ಟಿಗೆ ಚೆಂಡು ಹಾಕಿದಾಗ, ಮೇಜಿನವರು ರೆಫರಿಗೆ ಸೂಚನೆ ಕೊಡುತ್ತಾರೆ. ಆಗ ಟೈಮ್‌ಔಟ್ ಸಿಗುತ್ತದೆ.

ಸ್ಕೋರ್‌ಶೀಟ್ ನೋಡಿದ ಕೂಡಲೇ ನನಗೆ ಹಳೆಯ ಗೆಳೆಯ ಸಿಕ್ಕ ಹಾಗಾಯಿತು. ಪ್ರತಿ ಟೈಮ್‌ಔಟಿಗೆ ಒಂದು ಪುಟ್ಟ ಚೌಕ. ಎಷ್ಟನೇ ನಿಮಿಷದಲ್ಲಿ ತೆಗೆದುಕೊಂಡರೋ ಆ ಅಂಕಿಯನ್ನು ಅದರಲ್ಲಿ ಬರೆಯಬೇಕು. ಅರ್ಧ ಮುಗಿದಾಗ ಖಾಲಿ ಉಳಿದ ಚೌಕಕ್ಕೆ ಎರಡು ಅಡ್ಡಗೆರೆ ಎಳೆಯಬೇಕು. ಚೆಕ್ಕಿನಲ್ಲಿ ಮೊತ್ತ ಬರೆದ ಮೇಲೆ ಉಳಿದ ಜಾಗಕ್ಕೆ ಗೆರೆ ಎಳೆಯಿರಿ ಎಂದು ಎಷ್ಟು ಜನ ಗಿರಾಕಿಗಳಿಗೆ ನಾನು ಹೇಳಿಲ್ಲ!

ಪುಸ್ತಕದಲ್ಲಿ ಇನ್ನೊಂದು ಸಾಲಿತ್ತು. ಒಂದು ತಂಡದ ಟೈಮ್‌ಔಟ್‌ಗಳು ಮುಗಿದ ಕೂಡಲೇ, ‘ಇನ್ನು ನಿಮಗೆ ಉಳಿದಿಲ್ಲ’ ಎಂಬುದನ್ನು ಅಂಕ ಬರೆಯುವವನು ರೆಫರಿಯ ಮೂಲಕ ಆ ಕೋಚ್‌ಗೆ ತಿಳಿಸಬೇಕು. ಓದಿದೆ, ಕೆಳಗೆ ಗೆರೆಯನ್ನೂ ಎಳೆದೆ. ಆದರೆ ಸಮಯ ಬಂದಾಗ ಮರೆತೆ.

ಆ ಸಂಜೆ ಆದದ್ದು

ಎರಡನೆಯ ದಿನ ಸಂಜೆ ಫೈನಲ್. ನಮ್ಮ ಹುಡುಗರು ಗೆದ್ದು ಗೆದ್ದು ಅಲ್ಲಿಯವರೆಗೆ ಬಂದಿದ್ದರು. ಅಂಕ ಬರೆಯುವ ಮೇಜಿನಲ್ಲಿ ಆಡುವವನ ತಾತ ಕೂರುವುದು ಸರಿಯೇ ಎಂದು ನಾನೇ ಕೇಳಿದೆ. ‘ಎರಡು ದಿನದಿಂದ ನೋಡಿದೀವಿ, ನೀವೇ ಬರೀರಿ’ ಎಂದು ಎರಡೂ ಶಾಲೆಯವರು ಹೇಳಿದರು. ರೆಫರಿ ಕಾಲೇಜು ಬಿಟ್ಟು ಹೆಚ್ಚು ಕಾಲವಾಗದ ಹುಡುಗ.

ಕೊನೆಯ ಭಾಗ. ನಮ್ಮ ತಂಡ 36, ಅವರು 38. ನಮ್ಮ ಚೌಕಗಳಲ್ಲಿ ಎರಡು ತುಂಬಿದ್ದವು: ಮೂರನೇ ಭಾಗದಲ್ಲಿ ಒಂದು 6, ನಾಲ್ಕನೇ ಭಾಗದಲ್ಲಿ ಒಂದು 9. ನಲವತ್ತೆಂಟು ಸೆಕೆಂಡು ಉಳಿದಿದ್ದಾಗ ನನ್ನ ಮೊಮ್ಮಗನಿಗೆ ಫೌಲ್ ಆಯಿತು. ಅವನಿಗೆ ಎರಡು ಫ್ರೀ ಥ್ರೋ. ಅದಕ್ಕೂ ಮೊದಲು ನಮ್ಮ ಕೋಚ್ ಬಂದು ಟೈಮ್‌ಔಟ್ ಕೇಳಿದರು. ಕೊಟ್ಟೆವು. ಮೂರನೇ ಚೌಕದಲ್ಲಿ 10 ಎಂದು ಬರೆದೆ.

ಆಗ ನಾನು ಎದ್ದು ರೆಫರಿಯನ್ನು ಕರೆದು ‘ಇವರದ್ದು ಮುಗಿಯಿತು, ತಿಳಿಸಿಬಿಡಿ’ ಎನ್ನಬೇಕಿತ್ತು. ಅನ್ನಲಿಲ್ಲ. ಮೊಮ್ಮಗ ಅಂಗಿಯಿಂದ ಮುಖ ಒರೆಸಿಕೊಂಡು ಫ್ರೀ ಥ್ರೋ ಗೆರೆಯ ಕಡೆಗೆ ನಡೆದು ಹೋಗುತ್ತಿದ್ದ. ನನ್ನ ಕಣ್ಣು ಅವನ ಮೇಲಿತ್ತು. ಅಂಕ ಬರೆಯುವವನು ಆ ಕ್ಷಣ ಮೇಜಿನಲ್ಲಿ ಇರಲೇ ಇಲ್ಲ. ಅಲ್ಲಿದ್ದವನು ತಾತ ಮಾತ್ರ.

ಮೊದಲನೆಯ ಎಸೆತ ತಪ್ಪಿತು. ಎರಡನೆಯದು ಬಿತ್ತು. 37–38. ಎದುರಾಳಿಗಳು ಚೆಂಡು ತಂದು ಎಸೆದರು, ಅದೂ ತಪ್ಪಿತು. ಚೆಂಡು ನಮ್ಮವರಿಗೆ ಸಿಕ್ಕಿ, ಕೈಯಿಂದ ಕೈಗೆ ಸಾಗಿ ಮೊಮ್ಮಗನಿಗೆ ಬಂತು. ಅವನು ಮುಂದೆ ಓಡಿ ಮೂಲೆಗೆ ಹೋದ. ಇಬ್ಬರು ಎತ್ತರದ ಹುಡುಗರು ಅವನನ್ನು ಮೂಲೆಯಲ್ಲಿ ಮುತ್ತಿದರು. ಚೆಂಡು ಕೊಡಲು ದಾರಿಯಿಲ್ಲ. ಅವನು ಚೆಂಡನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎರಡು ಕೈಯಲ್ಲಿ ‘ಟಿ’ ತೋರಿಸಿದ. ರೆಫರಿ ಸೀಟಿ ಊದಿಬಿಟ್ಟ. ಗಡಿಯಾರದಲ್ಲಿ 14 ಸೆಕೆಂಡು.

ಎದುರಿನ ಕೋಚ್ ಜಿಗಿದೆದ್ದರು. ‘ಅವರಿಗೆ ಟೈಮ್‌ಔಟ್ ಉಳಿದಿಲ್ಲ! ನಾನು ಎಣಿಸೀನಿ. ಟೆಕ್ನಿಕಲ್ ಫೌಲ್ ಕೊಡ್ರಿ. ಎರಡು ಫ್ರೀ ಥ್ರೋ, ಚೆಂಡೂ ನಮಗೆ!’ ನಮ್ಮ ಕೋಚ್, ‘ಮುಗಿದಿದೆ ಅಂತ ನಮಗೆ ಯಾರು ಹೇಳಿದರು?’ ಎಂದು ಕೂಗಿದರು. ಮೈದಾನದ ಸುತ್ತ ಕೂತಿದ್ದ ತಂದೆತಾಯಿಯರೆಲ್ಲ ಎದ್ದು ನಿಂತರು. ರೆಫರಿ ನನ್ನ ಮೇಜಿಗೆ ಬಂದ.

‘ತಾತ, ಎಷ್ಟಾಗ್ಯಾವೆ?’

ಹಾಳೆ ನನ್ನ ಮುಂದಿತ್ತು. 6, 9, 10. ಇನ್ನೊಂದು ಚೌಕವಿಲ್ಲ. ‘ಮೂರೂ ಮುಗಿದಾವಪ್ಪ. ನಾನು ನಿನಗೆ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪು ನಂದು’ ಎಂದೆ. ಇಷ್ಟು ಹೇಳುವಷ್ಟರಲ್ಲಿ ಗಂಟಲು ಒಣಗಿತ್ತು.

ಆ ಹುಡುಗ ರೆಫರಿ ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಆಮೇಲೆ ಇಬ್ಬರು ಕೋಚ್‌ಗಳನ್ನೂ ಕರೆದು, ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಟೈಮ್‌ಔಟ್ ಇಲ್ಲ, ಯಾಕೆಂದರೆ ಉಳಿದಿಲ್ಲ. ಆಡುವ ಹುಡುಗ ಕೇಳಿದ್ದು ನಿಯಮದ ಪ್ರಕಾರ ಕೇಳಿಕೆಯೇ ಅಲ್ಲ, ಆದ್ದರಿಂದ ಅವನಿಗೆ ಶಿಕ್ಷೆಯೂ ಇಲ್ಲ. ಸೀಟಿ ಊದಿದ್ದು ನನ್ನ ತಪ್ಪು. ತಪ್ಪಾಗಿ ಆಟ ನಿಲ್ಲಿಸಿದರೆ ಚೆಂಡು ಯಾರ ಹತ್ತಿರ ಇತ್ತೋ ಅವರೇ ಹತ್ತಿರದ ಗೆರೆಯಿಂದ ಒಳಗೆ ಎಸೆಯಬೇಕು. ಗಡಿಯಾರ 14ರಿಂದಲೇ ಓಡುತ್ತದೆ.

ಆಟ ಮುಂದುವರಿಯಿತು. ಕೊನೆಯ ಎಸೆತ ಕಬ್ಬಿಣದ ಬಳೆಗೆ ಬಡಿದು ಹೊರಗೆ ಬಿತ್ತು. 37–38ರಲ್ಲಿ ನಾವು ಸೋತೆವು.

ಗೆದ್ದರೂ ಎದುರಿನ ಕೋಚ್ ಸಿಟ್ಟಿನಲ್ಲೇ ಇದ್ದರು. ಅವರ ಮಾತಿನಲ್ಲೂ ನ್ಯಾಯವಿತ್ತು. ಅವರ ಹುಡುಗರು ಕಷ್ಟಪಟ್ಟು ಮೂಲೆಗೆ ಹಾಕಿದ್ದ ಹುಡುಗ ಆ ಸೀಟಿಯಿಂದ ಬಿಡಿಸಿಕೊಂಡಿದ್ದ. ಟೈಮ್‌ಔಟ್ ಸಿಗದಿದ್ದರೂ ಅರ್ಧ ಟೈಮ್‌ಔಟಿನ ಲಾಭ ನಮಗೆ ಸಿಕ್ಕಿತ್ತು.

ಫೋನಿನಲ್ಲಿ ನೋಡಿದ ಎರಡು ಪಂದ್ಯ

ರೂಪನಗುಡಿಯ ಬಸ್ಸಿನಲ್ಲಿ ಮೊಮ್ಮಗ ಕಿಟಕಿಯ ಕಡೆ ತಿರುಗಿ ಕೂತ. ಊರು ಹತ್ತಿರ ಬಂದಾಗ ಒಂದೇ ಮಾತು ಕೇಳಿದ: ‘ತಾತ, ಎರಡೇ ಆಗಿದೆ ಅಂತ ಹೇಳಬಹುದಿತ್ತಲ್ಲ?’

ನಾನು, ‘ಚೌಕದಲ್ಲಿ ಮೂರು ಇತ್ತಲ್ಲಪ್ಪ’ ಎಂದೆ. ಅವನು ಮಾತಾಡಲಿಲ್ಲ. ರಾತ್ರಿ ಊಟವನ್ನೂ ಅರ್ಧಕ್ಕೆ ಬಿಟ್ಟು ಎದ್ದ.

ಮಾರನೆಯ ದಿನ ಅವನೇ ಫೋನು ತಂದು ನನ್ನ ಪಕ್ಕದಲ್ಲಿ ಕೂತ. ‘ಆ ಕೋಚ್ ಹೇಳಿದ್ದು ಸುಳ್ಳಲ್ಲ ತಾತ. ಅಮೆರಿಕದಲ್ಲಿ ಹಾಗೇ ಮಾಡ್ತಾರೆ, ನೋಡು’ ಎಂದು ಒಂದು ಪಂದ್ಯ ತೋರಿಸಿದ.

ಅದು 1993ರ ಏಪ್ರಿಲ್ 5ರ ಪಂದ್ಯ. ನ್ಯೂ ಆರ್ಲಿಯನ್ಸ್‌ನಲ್ಲಿ ಅಮೆರಿಕದ ಕಾಲೇಜು ತಂಡಗಳ ಫೈನಲ್. ಮಿಷಿಗನ್ ತಂಡ 71, ನಾರ್ತ್ ಕೆರೊಲಿನಾ 73. ಉಳಿದದ್ದು 11 ಸೆಕೆಂಡು. ಮಿಷಿಗನ್‌ನ ಕ್ರಿಸ್ ವೆಬರ್ ಎಂಬ ಹುಡುಗ ಚೆಂಡು ಹಿಡಿದು ಮೂಲೆಗೆ ಬಂದ. ಇಬ್ಬರು ಮುತ್ತಿದರು. ಅವನು ಕೈಯಲ್ಲಿ ‘ಟಿ’ ತೋರಿಸಿದ. ಅವನ ತಂಡಕ್ಕೆ ಟೈಮ್‌ಔಟ್ ಉಳಿದಿರಲಿಲ್ಲ. ಅಲ್ಲಿ ಆಡುವವನೂ ಟೈಮ್‌ಔಟ್ ಕೇಳಬಹುದು. ಆದರೆ ಲೆಕ್ಕ ಮೀರಿ ಕೇಳಿದರೆ ಟೆಕ್ನಿಕಲ್ ಫೌಲ್. ಎದುರಾಳಿಗೆ ಎರಡು ಫ್ರೀ ಥ್ರೋ, ಮೇಲೆ ಚೆಂಡೂ ಅವರಿಗೇ. ಪಂದ್ಯ 77–71ಕ್ಕೆ ಮುಗಿಯಿತು. ಆಟ ಮುಗಿದ ಮೇಲೆ ವೆಬರ್ ತಲೆ ತಗ್ಗಿಸಿ ಹೋಗುವುದನ್ನು ನಾವಿಬ್ಬರೂ ಸುಮ್ಮನೆ ನೋಡಿದೆವು. ಅದೇ ವೆಬರ್ ಮುಂದೆ ದೊಡ್ಡ ಆಟಗಾರನಾಗಿ ಬೆಳೆದ. ಮಕ್ಕಳಿಗಾಗಿ ತಾನು ಸ್ಥಾಪಿಸಿದ ಸೇವಾಸಂಸ್ಥೆಗೆ ‘ಟೈಮ್‌ಔಟ್’ ಎಂದೇ ಹೆಸರಿಟ್ಟ. ಅದನ್ನು ಕೇಳಿದಾಗ ಮೊಮ್ಮಗನ ಮುಖ ಕೊಂಚ ಸಡಿಲವಾಯಿತು.

ಇನ್ನೊಂದು ಪಂದ್ಯ 1976ರ ಜೂನ್ 4ರದ್ದು. ಬಾಸ್ಟನ್ ನಗರದಲ್ಲಿ ಎನ್‌ಬಿಎ ಫೈನಲ್ ಸರಣಿಯ ಐದನೆಯ ಪಂದ್ಯ. ಬಾಸ್ಟನ್ ಸೆಲ್ಟಿಕ್ಸ್ ಮತ್ತು ಫೀನಿಕ್ಸ್ ಸನ್ಸ್ ತಂಡಗಳ ನಡುವೆ. ಮೂರು ಸಲ ಹೆಚ್ಚುವರಿ ಸಮಯ ಕೊಡಬೇಕಾಗಿ ಬಂದ ಪಂದ್ಯ ಅದು. ಒಂದು ಹಂತದಲ್ಲಿ ಅಂಕ ಸಮವಾಗಿದ್ದಾಗ ಬಾಸ್ಟನ್‌ನ ಪಾಲ್ ಸೈಲಸ್ ಟೈಮ್‌ಔಟ್ ಕೇಳುವಂತೆ ಕೈ ಮಾಡಿದರು. ಅವರ ತಂಡಕ್ಕೆ ಉಳಿದಿರಲಿಲ್ಲ. ಕೊಟ್ಟಿದ್ದರೆ ಟೆಕ್ನಿಕಲ್ ಫೌಲ್ ಆಗಿ ಫೀನಿಕ್ಸ್‌ಗೆ ಫ್ರೀ ಥ್ರೋ ಸಿಗುತ್ತಿತ್ತು. ರೆಫರಿ ರಿಚಿ ಪವರ್ಸ್ ಅದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ.

ಎರಡನೆಯ ಹೆಚ್ಚುವರಿ ಸಮಯದ ಕೊನೆಗೆ ತಮಾಷೆ ನೋಡಿ. ಒಂದೇ ಸೆಕೆಂಡು ಉಳಿದಿದೆ. ಬಾಸ್ಟನ್ 111, ಫೀನಿಕ್ಸ್ 110. ಚೆಂಡು ಫೀನಿಕ್ಸ್‌ನದು, ಆದರೆ ಮೈದಾನದ ಆ ತುದಿಯಿಂದ ಎಸೆದು ಈ ತುದಿಯ ಬುಟ್ಟಿಗೆ ಹಾಕಬೇಕು. ಒಂದು ಸೆಕೆಂಡಿನಲ್ಲಿ ಆಗುವ ಮಾತಲ್ಲ. ಆಗ ಫೀನಿಕ್ಸ್‌ನ ಪಾಲ್ ವೆಸ್ಟ್‌ಫಾಲ್ ಬೇಕೆಂದೇ ಇಲ್ಲದ ಟೈಮ್‌ಔಟ್ ಕೇಳಿದರು! ದಂಡವಾಗಿ ಬಾಸ್ಟನ್‌ಗೆ ಒಂದು ಫ್ರೀ ಥ್ರೋ ಸಿಕ್ಕಿ 112 ಆಯಿತು. ಆದರೆ ಅಂದಿನ ನಿಯಮದಂತೆ ಟೈಮ್‌ಔಟ್ ಆದ ಮೇಲೆ ಫೀನಿಕ್ಸ್‌ನವರು ಮೈದಾನದ ಮಧ್ಯದಿಂದ ಚೆಂಡು ಎಸೆಯಬಹುದಿತ್ತು. ಎಸೆದರು. ಗಾರ್ ಹರ್ಡ್ ಎಂಬವರು ದೂರದಿಂದಲೇ ಬುಟ್ಟಿಗೆ ಹಾಕಿದರು. 112–112! ಮೂರನೆಯ ಹೆಚ್ಚುವರಿ ಸಮಯದಲ್ಲಿ ಬಾಸ್ಟನ್ 128–126ರಿಂದ ಗೆದ್ದಿತು. ಮುಂದೆ ನಿಯಮ ತಿದ್ದಿ ಆ ಕಳ್ಳದಾರಿ ಮುಚ್ಚಿದರು. ಈಗ ಎನ್‌ಬಿಎಯಲ್ಲಿ ಇಲ್ಲದ ಟೈಮ್‌ಔಟ್ ಕೇಳಿದವರು ದಂಡವನ್ನೂ ತೆರಬೇಕು, ಚೆಂಡನ್ನೂ ಬಿಡಬೇಕು.

‘ನೋಡಿದೆಯಾ ತಾತ, ಒಬ್ಬರು ತಪ್ಪಿ ಕೇಳಿದರು, ಒಬ್ಬರು ಬೇಕಂತಲೇ ಕೇಳಿದರು’ ಎಂದ ಮೊಮ್ಮಗ. ಸರಿಯಾಗಿಯೇ ಹಿಡಿದಿದ್ದ. ಅದಕ್ಕೇ ಅಲ್ಲಿಯ ರೆಫರಿಯ ಕೆಲಸ ಕಷ್ಟ. ಕೈ ಸನ್ನೆ ಕಂಡರೂ ಕಾಣದ ಹಾಗೆ ಇರಬೇಕೇ? ಇದ್ದರೆ ಆ ತಂಡವನ್ನು ಕಾಪಾಡಿದಂತೆ. ಕಂಡೆ ಎಂದರೆ ಒಂದು ಕೈ ಸನ್ನೆಗೆ ಇಡೀ ಪಂದ್ಯವನ್ನೇ ತೂಗಿ ಕೊಟ್ಟಂತೆ. ಒಂದೇ ಪಂದ್ಯದಲ್ಲಿ ಒಮ್ಮೆ ಕಾಣದೆ, ಇನ್ನೊಮ್ಮೆ ಕಂಡರೆ, ಜನ ಐವತ್ತು ವರ್ಷವಾದರೂ ಅದನ್ನೇ ಮಾತಾಡುತ್ತಾರೆ.

ನಮ್ಮೂರ ವಾಲಿಬಾಲ್ ಏನನ್ನುತ್ತದೆ?

ನಮ್ಮ ಕಡೆ ಹಳ್ಳಿಗಳಲ್ಲಿ ಬಾಸ್ಕೆಟ್‌ಬಾಲ್ ಅಂಕಣ ಕಡಿಮೆ. ಎರಡು ಕಂಬ ನೆಟ್ಟು ಬಲೆ ಕಟ್ಟಿದರೆ ವಾಲಿಬಾಲ್ ಶುರು. ಆ ಆಟದ ಅಂತರರಾಷ್ಟ್ರೀಯ ನಿಯಮದಲ್ಲಿ ಈ ತೊಂದರೆಗೆ ಇನ್ನೊಂದು ಉತ್ತರವಿದೆ. ಅಲ್ಲಿ ಒಂದು ಸೆಟ್‌ಗೆ ತಂಡಕ್ಕೆ ಎರಡು ಟೈಮ್‌ಔಟ್, ತಲಾ 30 ಸೆಕೆಂಡು. ಮೂರನೆಯದು ಕೇಳಿದರೆ ಅದು ಸಲ್ಲದ ಕೇಳಿಕೆ. ಮೊದಲ ಸಲವಾದರೆ, ಆಟಕ್ಕೆ ಅಡ್ಡಿಯಾಗಿರದಿದ್ದರೆ, ರೆಫರಿ ‘ಇಲ್ಲ’ ಎಂದು ತಳ್ಳಿಹಾಕುತ್ತಾರೆ, ಶಿಕ್ಷೆಯಿಲ್ಲ. ಆದರೆ ಅದನ್ನು ಸ್ಕೋರ್‌ಶೀಟಿನಲ್ಲಿ ಬರೆದಿಡುತ್ತಾರೆ. ಅದೇ ಪಂದ್ಯದಲ್ಲಿ ಅದೇ ತಂಡ ಮತ್ತೆ ಅಂಥದ್ದೇ ಕೇಳಿಕೆ ತಂದರೆ ಅದು ಆಟ ತಡೆದ ತಪ್ಪಾಗುತ್ತದೆ. ಮೊದಲು ಎಚ್ಚರಿಕೆ, ಅದಕ್ಕೂ ಬಗ್ಗದಿದ್ದರೆ ಎದುರಾಳಿಗೆ ಒಂದು ಅಂಕ.

ಕ್ರಿಕೆಟ್ ನೋಡುವ ಮಕ್ಕಳಿಗೆ ಇದು ಬೇಗ ಅರ್ಥವಾದೀತು. ರಿವ್ಯೂ ಮುಗಿದ ತಂಡದ ನಾಯಕ ಮತ್ತೆ ಕೈಯಲ್ಲಿ ‘ಟಿ’ ತೋರಿಸಿದರೆ ಅಂಪೈರ್ ಅದನ್ನು ಮೂರನೆಯ ಅಂಪೈರ್ ಹತ್ತಿರ ಕಳಿಸುವುದಿಲ್ಲ. ಕೇಳಿದ್ದಕ್ಕೆ ರನ್ ಕಳೆಯುವುದೂ ಇಲ್ಲ.

ಹೀಗೆ ದಾರಿ ಮೂರು. ಅಮೆರಿಕದ್ದು: ಕೊಟ್ಟುಬಿಡು, ದಂಡ ಹಾಕು. ವಾಲಿಬಾಲಿನದ್ದು: ಒಮ್ಮೆ ಬಿಡು, ಬರೆದಿಡು, ಮತ್ತೆ ಮಾಡಿದರೆ ಹಿಡಿ. ಫೀಬಾದ್ದು: ಮೇಜಿನಲ್ಲೇ ಲೆಕ್ಕ ನೋಡು, ಇಲ್ಲದಿದ್ದರೆ ರೆಫರಿಯವರೆಗೂ ಕಳಿಸಬೇಡ.

ಕೌಂಟರಿನಲ್ಲಿ ಕಲಿತದ್ದು

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಘಟನೆ ನಡೆಯಿತು. ಮೆಣಸಿನಕಾಯಿ ಮಾರಿ ಹಣ ಇಟ್ಟಿದ್ದ ಹಿರಿಯ ರೈತರೊಬ್ಬರು 2,000 ರೂಪಾಯಿಗೆ ಚೀಟಿ ಬರೆಸಿ ತಂದರು. ಲೆಡ್ಜರ್‌ನಲ್ಲಿ ಇದ್ದದ್ದು 1,400. ಹೇಳಲು ನನಗೆ ಸಂಕೋಚ. ಚೀಟಿಯನ್ನು ಬೇರೆ ಚೀಟಿಗಳ ಅಡಿಗೆ ಇಟ್ಟೆ. ಕಾದು ಕಾದು ಅವರೇ ಹೋಗಲಿ ಎಂಬ ಹೇಡಿತನ. ಹಿತ್ತಾಳೆ ಟೋಕನ್ ಹಿಡಿದು ಅವರು ಒಂದು ತಾಸು ಬೆಂಚಿನ ಮೇಲೆ ಕೂತರು. ಕೊನೆಗೆ ಪಕ್ಕದ ಗುಮಾಸ್ತ ಸಿಟ್ಟಿಗೆದ್ದು, ‘ನಿನ್ನ ಖಾತೇಲಿ ದುಡ್ಡಿಲ್ಲ, ಹೋಗಯ್ಯ!’ ಎಂದು ಹತ್ತು ಜನರ ಮುಂದೆ ಕೂಗಿದ. ಆ ಮುದುಕರ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಸಂಜೆ ಹೆಡ್ ಕ್ಯಾಷಿಯರ್ ನಮ್ಮಿಬ್ಬರನ್ನೂ ಕರೆದರು. ‘ಇಲ್ಲದ ದುಡ್ಡು ಕೊಡೋಕೆ ಆಗಲ್ಲ. ಆದರೆ ಚೀಟಿ ನೋಡಿಲ್ಲ ಅಂತ ಅನ್ನಬೇಡ, ಕೂಗಿ ಮಾನ ಕಳೀಬೇಡ. ಕೂಡಲೇ ಕರೆದು, ಪಾಸ್‌ಬುಕ್ ತೆಗೆದು, ಇಷ್ಟಿದೆ ಅಂತ ತೋರಿಸು. ಇನ್ನೂ ಒಳ್ಳೇದು ಅಂದರೆ, ಅವರು ಹೋದ ಸಲ ಬಂದಾಗಲೇ ಉಳಿದದ್ದು ಎಷ್ಟು ಅಂತ ಬರೆದುಕೊಟ್ಟಿರಬೇಕಿತ್ತು’ ಎಂದರು.

ಚೆಕ್ಕಿನ ವಿಷಯದಲ್ಲಿಯೂ ಹಾಗೆಯೇ. 1989ರ ಏಪ್ರಿಲ್‌ನಿಂದ ಹಣವಿಲ್ಲದ ಖಾತೆಯ ಮೇಲೆ ಚೆಕ್ ಕೊಡುವುದು ಶಿಕ್ಷೆಗೆ ಗುರಿಯಾಗುವ ಅಪರಾಧ. ಆದರೂ ಚೆಕ್ ವಾಪಸಾದ ಕೂಡಲೇ ಯಾರನ್ನೂ ಹಿಡಿದು ಒಯ್ಯುವುದಿಲ್ಲ. ಮೊದಲು ನೋಟಿಸ್ ಕೊಡಬೇಕು. ಅದು ತಲುಪಿದ ಮೇಲೆ ಹಣ ಕಟ್ಟಲು 15 ದಿನ ಅವಕಾಶವಿದೆ. ತಿಳಿಸಿದ ಮೇಲೂ ಕೊಡದಿದ್ದರೆ ಮಾತ್ರ ಮೊಕದ್ದಮೆ.

ಇದನ್ನೆಲ್ಲ ಮೊಮ್ಮಗನಿಗೆ ಹೇಳುತ್ತಿದ್ದಾಗ ನನಗೇ ಒಂದು ಸಂಗತಿ ಚುಚ್ಚಿತು. ಹೆಡ್ ಕ್ಯಾಷಿಯರ್ ಹೇಳಿದ ಮಾತನ್ನು ಕೌಂಟರಿನಲ್ಲಿ ಅಷ್ಟು ವರ್ಷ ಪಾಲಿಸಿದವನು, ಆ ಸಂಜೆ ನಲವತ್ತೆಂಟು ಸೆಕೆಂಡು ಪಾಲಿಸಲಿಲ್ಲ. ಕೊನೆಯ ಟೈಮ್‌ಔಟ್ ತೆಗೆದುಕೊಂಡಾಗಲೇ ‘ಬ್ಯಾಲೆನ್ಸ್ ಸೊನ್ನೆ’ ಎಂದಿದ್ದರೆ ಕೋಚ್ ಹುಡುಗರಿಗೆ ಎಚ್ಚರಿಕೆ ಹೇಳುತ್ತಿದ್ದರು. ಮೊಮ್ಮಗ ಮೂಲೆಗೆ ಓಡುವ ಮೊದಲು ಇನ್ನೊಂದು ದಾರಿ ಯೋಚಿಸುತ್ತಿದ್ದ. ರೆಫರಿ ಸೀಟಿ ಊದುತ್ತಿರಲಿಲ್ಲ. ಎದುರಿನ ಕೋಚ್‌ಗೆ ಅನ್ಯಾಯವಾಯಿತೆಂಬ ಸಿಟ್ಟೂ ಬರುತ್ತಿರಲಿಲ್ಲ.

ಹಾಗಾದರೆ ರೆಫರಿ ಏನು ಮಾಡಬೇಕು?

ಆಮೇಲೆ ಪಿ.ಟಿ. ಮೇಷ್ಟ್ರು, ಆ ಹುಡುಗ ರೆಫರಿ ಮತ್ತು ನಾನು ಒಂದು ಭಾನುವಾರ ಕೂತು ಮಾತಾಡಿದೆವು. ಶಾಲೆಯ ಪಂದ್ಯಗಳಿಗೆ ನಾವು ಗೊತ್ತು ಮಾಡಿಕೊಂಡದ್ದು ಇದು. ಹೊಸ ನಿಯಮವೇನಲ್ಲ, ಇರುವುದನ್ನೇ ನೆನಪಿಡುವ ಕ್ರಮ.

1. ಪಂದ್ಯಕ್ಕೆ ಮೊದಲು ಇಬ್ಬರು ಕೋಚ್ ಮತ್ತು ಇಬ್ಬರು ನಾಯಕರನ್ನು ಕರೆದು, ಯಾವ ನಿಯಮದಂತೆ ಆಟ, ಟೈಮ್‌ಔಟ್ ಎಷ್ಟು, ಕೇಳಬೇಕಾದವರು ಯಾರು ಎಂದು ಹೇಳಬೇಕು. ಟಿ.ವಿ.ಯಲ್ಲಿ ನೋಡಿದ ನಿಯಮ ಇಲ್ಲಿ ನಡೆಯದು ಎಂಬುದನ್ನೂ ಹೇಳಬೇಕು.

2. ಕೊನೆಯ ಟೈಮ್‌ಔಟ್ ಮುಗಿದ ಕೂಡಲೇ ಮೇಜಿನವರು ರೆಫರಿಗೆ, ರೆಫರಿ ಕೋಚ್‌ಗೆ ಬಾಯಿಬಿಟ್ಟು ತಿಳಿಸಬೇಕು. ಕೋಚ್ ‘ತಿಳಿಯಿತು’ ಎನ್ನುವವರೆಗೆ ಆಟ ಶುರು ಮಾಡಬಾರದು.

3. ಮೈದಾನದಲ್ಲಿ ಆಡುವವರು ಕೈ ತೋರಿಸಿದರೆ ಸೀಟಿ ಊದಬಾರದು. ಟೈಮ್‌ಔಟಿಗೆ ಸೂಚನೆ ಬರಬೇಕಾದದ್ದು ಮೇಜಿನಿಂದ.

4. ಟೈಮ್‌ಔಟ್ ಮುಗಿದ ತಂಡದ ಕೋಚ್ ಮೇಜಿಗೆ ಬಂದು ಮತ್ತೆ ಕೇಳಿದರೆ, ಹಾಳೆ ತೋರಿಸಿ ‘ಉಳಿದಿಲ್ಲ’ ಎಂದು ಮೆತ್ತಗೆ ಹೇಳಬೇಕು. ಮರೆತು ಕೇಳಿದ್ದಕ್ಕೆ ಶಿಕ್ಷೆ ಬೇಡ. ಪಾಪ ಎಂದು ಕೊಡುವುದೂ ಬೇಡ. ಆ ಒಂದು ನಿಮಿಷ ಎದುರಿನ ಮಕ್ಕಳ ಖಾತೆಯಿಂದ ಹೋಗುತ್ತದೆ.

5. ಇಲ್ಲವೆಂದು ಹೇಳಿದ ಮೇಲೂ ಬೇಕೆಂದೇ ಪದೇ ಪದೇ ಕೇಳಿ ಆಟ ತಡೆದರೆ ಎಚ್ಚರಿಕೆ ಕೊಡಬೇಕು. ಅದಕ್ಕೂ ಬಗ್ಗದಿದ್ದರೆ ಆಗ ಟೆಕ್ನಿಕಲ್ ಫೌಲ್.

6. ತಪ್ಪಿ ಸೀಟಿ ಊದಿದರೆ ‘ತಪ್ಪು ನನ್ನದು’ ಎಂದು ಎಲ್ಲರೆದುರು ಒಪ್ಪಿಕೊಂಡು, ಚೆಂಡು ಯಾರ ಹತ್ತಿರ ಇತ್ತೋ ಅವರಿಗೇ ಕೊಟ್ಟು ಬೇಗ ಆಟ ಮುಂದುವರಿಸಬೇಕು. ಒಂದು ತಪ್ಪು ಮುಚ್ಚಲು ಇನ್ನೊಂದು ತೀರ್ಪು ಹುಡುಕಬಾರದು.

ಇದರಲ್ಲಿ ಆರನೆಯದನ್ನು ಬರೆಸಿದವನು ಆ ಹುಡುಗ ರೆಫರಿಯೇ. ‘ತಾತ, ಆವತ್ತು ನೀವು ತಪ್ಪು ನಂದು ಅಂದಿದ್ದಕ್ಕೇ ನನಗೂ ನಂದು ಅನ್ನೋಕೆ ಧೈರ್ಯ ಬಂತು’ ಎಂದ. ನಾನೇನೂ ಹೇಳಲಿಲ್ಲ. ಧೈರ್ಯವಲ್ಲ, ಮುಂದೆ ಹಾಳೆ ಇತ್ತು, ಅಷ್ಟೇ.

ಏಳನೆಯದನ್ನು ನಾನು ಸೇರಿಸಿದೆ: ಮೊಮ್ಮಕ್ಕಳು ಆಡುವ ಪಂದ್ಯಕ್ಕೆ ತಾತಂದಿರು ಮೇಜಿನಲ್ಲಿ ಕೂರಬಾರದು. ಅಂಕಿ ತಪ್ಪುತ್ತದೆ ಎಂದಲ್ಲ. ಕಣ್ಣು ತಪ್ಪುತ್ತದೆ.

ಮೊನ್ನೆ ಅದೇ ಮೈದಾನದಲ್ಲಿ ಚಿಕ್ಕ ಮಕ್ಕಳ ಪಂದ್ಯವಿತ್ತು. ಮೊಮ್ಮಗನ ಕಾಲು ಉಳುಕಿತ್ತು, ಆದ್ದರಿಂದ ಅವನನ್ನು ಮೇಜಿನಲ್ಲಿ ಕೂರಿಸಿದ್ದರು. ನಾನು ದೂರದ ಬೇವಿನ ಮರದ ಕೆಳಗೆ ಕೂತು ನೋಡುತ್ತಿದ್ದೆ. ಕೊನೆಯ ಭಾಗದಲ್ಲಿ ಒಂದು ತಂಡ ಟೈಮ್‌ಔಟ್ ತೆಗೆದುಕೊಂಡಿತು. ಅವನು ಚೌಕದಲ್ಲಿ ಬರೆದ. ಕುಂಟುತ್ತಲೇ ಎದ್ದು ನಿಂತು ರೆಫರಿಯನ್ನು ಕೈಸನ್ನೆ ಮಾಡಿ ಕರೆದು ಏನೋ ಹೇಳಿದ. ರೆಫರಿ ಹೋಗಿ ಕೋಚ್‌ಗೆ ಹೇಳಿದರು. ಕೋಚ್ ಮೇಜಿನ ಕಡೆ ನೋಡಿ ತಲೆಯಾಡಿಸಿದರು.

ಆಮೇಲೆ ಮೊಮ್ಮಗ ಮರದ ಕಡೆಗೆ ತಿರುಗಿ ನನ್ನನ್ನು ಹುಡುಕಿದ. ನಾನು ಕೈ ಎತ್ತಿ ತೋರಿಸಿದೆ.